ಉಳಿದ ಹದಿನೆಂಟು ಮನೆಗಳು

ಗುಂಡು ಹಾರಿಸಿದ ಮೇಲೆ ಮೂರು ತಿಂಗಳು ತೂಕದ ಸಾಹೇಬರ ಕಣ್ಣಿಗೆ ನಿದ್ದೆ ಹತ್ತಲಿಲ್ಲ. ಕೊನೆಗೆ ನಿದ್ದೆ ಬರಿಸಿದ್ದು ಡಾಕ್ಟರರ ಮಾತ್ರೆಯಲ್ಲ, ಬಡಾವಣೆ ಸಂಘದ ಕಾರ್ಯದರ್ಶಿ ಗೇಟಿನ ಹೊರಗೆ ನಿಂತು ಆಡಿದ ಒಂದು ಮಾತು.

“ಮೂರು ತಿಂಗಳಾಯ್ತು ಸಾಹೇಬ್ರೆ. ನಮ್ಮ ಬಡಾವಣೆಯಿಂದ ಸ್ಟೇಷನ್ನಿಗೆ ಒಂದೇ ಒಂದು ಕಳವಿನ ದೂರು ಹೋಗಿಲ್ಲ. ಎಲ್ಲಾ ನಿಮ್ಮ ಪುಣ್ಯ.”

ಪುಣ್ಯ ಎಂಬ ಮಾತು ಗಂಟಲಲ್ಲಿ ಸಿಕ್ಕಿಕೊಂಡಿತು. ಉಳಿದದ್ದು ಹೊಟ್ಟೆಗೆ ಇಳಿಯಿತು. ಅಂದು ಊಟ ಮಾಡಿ ಮಲಗಿದವರು ಮರುದಿನ ಹಾಲಿನವನ ಸೈಕಲ್ ಗಂಟೆಗೇ ಎದ್ದದ್ದು. ಹೆಂಡತಿ ಎರಡು ಸಲ ಬಂದು ಉಸಿರಾಡುತ್ತಿದ್ದಾರೆಯೇ ಎಂದು ನೋಡಿ ಹೋಗಿದ್ದಳು.

ಅಂದಿನಿಂದ ಕಾರ್ಯದರ್ಶಿ ಪ್ರತಿ ತಿಂಗಳ ಮೊದಲ ದಿನ ಬಂದು ಲೆಕ್ಕ ಒಪ್ಪಿಸುತ್ತಿದ್ದರು. ‘ಈ ತಿಂಗಳು ಒಂದೂ ಇಲ್ಲ.’ ‘ಈ ತಿಂಗಳು ಒಂದೇ ಒಂದು, ಅದೂ ಸೈಕಲ್ಲು.’ ವರ್ಷ ತುಂಬಿದ ದಿನ ಒಟ್ಟು ಹೇಳಿದರು. ಘಟನೆಯ ಹಿಂದಿನ ವರ್ಷ ಇಪ್ಪತ್ಮೂರು ದೂರು. ಆಮೇಲಿನ ವರ್ಷ ಐದು.

“ಕಳೀರಿ ಸಾಹೇಬ್ರೆ. ಹದಿನೆಂಟು! ನಿಮ್ಮ ಒಂದು ಗುಂಡು ಹದಿನೆಂಟು ಮನೆ ಉಳಿಸ್ತು.”

ನೌಕರಿಯಲ್ಲಿದ್ದಾಗ ಅವರು ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರರು. ಮೂವತ್ತೆರಡು ವರ್ಷ ಅಂಗಡಿ ಅಂಗಡಿ ಸುತ್ತಿ ತಕ್ಕಡಿ ಪರೀಕ್ಷಿಸಿದವರು. ತಟ್ಟೆಯ ಅಡಿಗೆ ಮೆತ್ತಿದ ಮೇಣ, ಹೊಟ್ಟೆ ಕೊರೆದು ಹಗುರ ಮಾಡಿದ ತೂಕದ ಬಟ್ಟು, ಮಾರಾಟಗಾರನ ಹೆಬ್ಬೆರಳು, ಅವರ ಕಣ್ಣಿಗೆ ಬೀಳದ್ದು ಯಾವುದೂ ಇರಲಿಲ್ಲ. ಒಂದು ವಸ್ತುವನ್ನು ಕೈಯಲ್ಲಿ ಹಿಡಿದರೆ ಸಾಕು, ಐವತ್ತು ಗ್ರಾಂ ಆಚೀಚೆಯಲ್ಲಿ ತೂಕ ಹೇಳುತ್ತಿದ್ದರು. ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ತೂಕದ ಸಾಹೇಬರು ಎಂದರೆ ಮುಗಿಯಿತು.

ಅಂಥವರು ಈಗ ಒಂದೇ ತಕ್ಕಡಿಯನ್ನು ಮನಸ್ಸಿನೊಳಗೆ ಹಿಡಿದು ಕೂತಿದ್ದರು. ಒಂದು ತಟ್ಟೆಯಲ್ಲಿ ಒಬ್ಬ ಮನುಷ್ಯ. ಇನ್ನೊಂದರಲ್ಲಿ ಹದಿನೆಂಟು ಮನೆ. ಮುಳ್ಳು ನಡುವೆ ನಿಲ್ಲುತ್ತಿರಲಿಲ್ಲ, ಆದರೂ ಅಲ್ಲಾಡುತ್ತಿತ್ತು. ಅಲ್ಲಾಡುತ್ತಿದೆ ಎಂಬಷ್ಟಕ್ಕೇ ಅವರು ಬದುಕಿದ್ದರು.

ಘಟನೆ ನಡೆದದ್ದು ಹಾಡಹಗಲಲ್ಲಿ. ಸಾಹೇಬರಿಗೆ ಜ್ವರ. ನಡುಮನೆಯ ಪಕ್ಕದ ಕೋಣೆಯಲ್ಲಿ ಹೊದ್ದು ಮಲಗಿದ್ದರು. ಹೆಂಡತಿ ಔಷಧಿ ತರಲು ಹೊರಟವಳು, ಯಾರಾದರೂ ಬಂದು ಬಾಗಿಲು ಬಡಿದು ಎಬ್ಬಿಸಿಯಾರು ಎಂದು ಮುಂಬಾಗಿಲಿಗೆ ಹೊರಗಿನಿಂದ ಬೀಗ ಹಾಕಿಕೊಂಡು ಹೋದಳು. ಬೀಗ ನೋಡಿದ ಕಳ್ಳ ಮನೆ ಖಾಲಿ ಎಂದುಕೊಂಡ. ಹಿತ್ತಲಿಗೆ ಬಂದು, ಚಪ್ಪಲಿಯನ್ನು ಮೆಟ್ಟಿಲ ಮೇಲೆ ಬಿಟ್ಟು, ಸ್ಕ್ರೂಡ್ರೈವರಿನಿಂದ ಹಿಂಬಾಗಿಲು ಮೀಟಿ, ಅಡುಗೆಮನೆ ದಾಟಿ ನಡುಮನೆಗೆ ಹೋದ. ಸದ್ದಿಗೆ ಎಚ್ಚರವಾದ ಸಾಹೇಬರು ಬೀರುವಿನ ಮೇಲಿದ್ದ ಅಪ್ಪನ ಕಾಲದ ಬಂದೂಕಿಗೆ ತೋಟಾ ತುಂಬಿಕೊಂಡು ನಡುಮನೆಗೂ ಅಡುಗೆಮನೆಗೂ ನಡುವಿನ ಓಣಿಯಂಥ ಜಾಗಕ್ಕೆ ಬಂದು ನಿಂತರು. ಬೆನ್ನ ಹಿಂದೆ ಅಡುಗೆಮನೆ, ಹಿಂಬಾಗಿಲು. ಎದುರಿಗೆ ಅವನು. ಅವನ ಹಿಂದೆ ಹೊರಗಿನಿಂದ ಬೀಗ ಬಿದ್ದ ಮುಂಬಾಗಿಲು.

ಅವನು ಓಡಿ ಬಂದ. ಇವರು ಬಂದೂಕಿನ ಕುದುರೆ ಎಳೆದರು.

‘ಆತ ನನ್ನ ಕಡೆಗೆ ನುಗ್ಗಿ ಬಂದ’ ಎಂದು ಹೇಳಿಕೆಯಲ್ಲಿ ಬರೆಸಿದರು. ಅದು ಸುಳ್ಳಲ್ಲ. ಆತ್ಮರಕ್ಷಣೆ ಎಂದು ಪೊಲೀಸರೂ ಒಪ್ಪಿದರು, ಕೋರ್ಟೂ ಒಪ್ಪಿತು. ಐದನೆಯ ತಿಂಗಳಿಗೆ ಬಂದೂಕನ್ನೂ ವಾಪಸು ಕೊಟ್ಟರು. ಸಾಹೇಬರು ಅದನ್ನು ಚೀಲದಿಂದ ಹೊರಗೂ ತೆಗೆಯದೆ ಕಬ್ಬಿಣದ ಬೀರುವಿನಲ್ಲಿ ನಿಲ್ಲಿಸಿದರು. ಆಮೇಲೆ ಆ ಬೀರು ತೆರೆಯಲಿಲ್ಲ.

ಪೊಲೀಸರು ಎಲ್ಲ ಒಯ್ದಿದ್ದರು, ಮೆಟ್ಟಿಲ ಮೇಲಿನ ಚಪ್ಪಲಿ ಮರೆತಿದ್ದರು. ಅವನು ಸತ್ತ ಹನ್ನೊಂದನೆಯ ದಿನ ಅವನ ಹೆಂಡತಿ ಬಂದಳು. ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸು. ಬಯ್ಯಲಿಲ್ಲ, ಅಳಲಿಲ್ಲ.

“ಅವ್ರ ಚಪ್ಪಲಿ ಇಲ್ಲೇ ಇರ್ಬೇಕು. ಕೊಡ್ತೀರಾ?”

ಸಾಹೇಬರೇ ತಂದುಕೊಟ್ಟರು. ಎಡಗಾಲಿನದಕ್ಕೆ ಎರಡು ಕಡೆ ಹೊಸ ಹೊಲಿಗೆ ಬಿದ್ದಿತ್ತು. ಆಕೆ ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು, ಸಾಹೇಬರ ಹೆಂಡತಿ ಕೊಟ್ಟ ನೀರು ಕುಡಿದು, ಲೋಟವನ್ನು ತೊಳೆದು ಬೋರಲು ಹಾಕಿ ಹೋದಳು. ಜೋಡಿಗೆ ಆರುನೂರು ಗ್ರಾಂ. ಬೇಡವೆಂದರೂ ಕೈ ತೂಗಿತ್ತು.

ವರ್ಷ ತುಂಬಿದ ಮೇಲಿನ ಭಾನುವಾರ ಸಂಘದ ವಾರ್ಷಿಕ ಸಭೆ. ಬುಧವಾರ ಕಾರ್ಯದರ್ಶಿ ಬಂದರು. ಹೇಳುವ ಮಾತಿಗಿಂತ ಮೊದಲೇ ನಗುವ ಮನುಷ್ಯ.

“ಬೀದಿಗೆ ಎರಡು ಲೈಸೆನ್ಸ್ ಬಂದೂಕು ಕೊಡಿಸಿ ಅಂತ ನಿರ್ಣಯ ಮಾಡ್ತಿದೀವಿ. ಪಕ್ಕದ ಬಡಾವಣೆಯವರೂ ಬರ್ತಾರೆ. ನೀವು ಎದ್ದು ಲೆಕ್ಕ ಹೇಳ್ಬೇಕು ಅಷ್ಟೆ. ಮೊದಲು ಇಪ್ಪತ್ಮೂರು, ಈಗ ಐದು.”

“ನೀವೇ ಹೇಳಿ.”

“ನಾನು ಹೇಳಿದ್ರೆ ಗಾಳಿಮಾತು, ನೀವು ಹೇಳಿದ್ರೆ ತೂಕದ ಮಾತು. ನಲವತ್ತು ವರ್ಷ ವ್ಯಾಪಾರ ಮಾಡಿದೀನಿ, ನಂಗೊತ್ತಿಲ್ವಾ? ಒಂದ್ಸಲ ನೀವೇ ನನ್ನ ತಕ್ಕಡಿ ಹೊತ್ಕೊಂಡು ಹೋಗಿದ್ರಿ!”

“ಮೂವತ್ತು ಗ್ರಾಂ ಕಳ್ಳತೂಕ ಇತ್ತು.”

“ಅದಕ್ಕೇ ಹೇಳೋದು, ನಿಮ್ಮ ಮಾತಿಗೆ ಊರು ಕಿವಿ ಕೊಡತ್ತೆ ಅಂತ.”

ಸಾಹೇಬರು ಹೂಂ ಎಂದರು. ಆದರೆ ಪರೀಕ್ಷಿಸದ ಕಲ್ಲಿಟ್ಟು ಅವರು ಯಾವತ್ತೂ ತೂಗಿದವರಲ್ಲ. ಮರುದಿನ ಬೆಳಿಗ್ಗೆ ಸ್ಟೇಷನ್ನಿಗೆ ಹೋದರು.

ದೂರು ಬರೆದುಕೊಳ್ಳುವ ರೈಟರ್ ಎದ್ದು ಕುರ್ಚಿ ಕೊಟ್ಟ. ರಿಜಿಸ್ಟರು ತಿರುಗಿಸಿ ತೋರಿಸಿದ. ಐದೇ. ಎರಡು ಸೈಕಲ್ಲು, ಒಂದು ನೀರಿನ ಮೋಟಾರು, ಒಂದು ಜೇಬುಗಳವು, ಒಂದು ಒಣಹಾಕಿದ್ದ ಕಂಬಳಿ.

“ಮನೆ ಬಾಗಿಲು ಮುರಿದದ್ದು?” ಎಂದು ಸಾಹೇಬರು ಕೇಳಿದರು.

“ಒಂದೂ ಇಲ್ಲ ಸಾರ್. ಪೆನ್ನಿಗೆ ತುಕ್ಕು ಹಿಡಿದಿದೆ ನೋಡಿ. ಎಲ್ಲಾ ಸೇತುವೆ ಆಚೆ. ಹೋದ ತಿಂಗಳು ಅಲ್ಲೊಬ್ಬ ಔಷಧಿ ಅಂಗಡಿಯವ್ನಿಗೆ ಗುಂಡು ಹೊಡೆದ್ರಲ್ಲ, ಪಾಪ, ಅಂಗಡಿಯಲ್ಲೇ ಹೋದ. ಅದು ಆ ಸ್ಟೇಷನ್ನಿನ ತಲೆನೋವು. ನಮ್ಮ ಲೆಕ್ಕಕ್ಕೆ ಬರಲ್ಲ.”

ಸಾಹೇಬರು ಹಗುರಾಗಿ ಹೊರಬಂದರು. ಕಣ್ಣಿನ ಪೊರೆ ತೆಗೆಸಿಕೊಂಡು ನಾಲ್ಕು ತಿಂಗಳಾಗಿತ್ತು. ಲೋಕ ತೊಳೆದಿಟ್ಟಂತೆ ಕಾಣುತ್ತಿತ್ತು. ತಮ್ಮ ಬೀದಿಗೆ ತಿರುಗಿದಾಗ ಬಿಸಿಲು ಎದುರುಸಾಲಿನ ಬಾಗಿಲುಗಳ ಮೇಲೆ ನೇರವಾಗಿ ಬಿದ್ದಿತ್ತು. ಬಣ್ಣ ಎದ್ದ ಹಳೆಯ ಬಾಗಿಲುಗಳು. ಒಂದರ ಮೇಲೆ ಏನೋ ಫಳ್ ಎಂದು ಹೊಳೆಯಿತು.

ಹೊಸ ಬೀಗ.

ಎರಡು ಮನೆ ಬಿಟ್ಟು ಇನ್ನೊಂದು. ಅದರಾಚೆ ಮತ್ತೊಂದು, ಅದರ ಸುತ್ತ ಮರಕ್ಕೆ ತೇಪೆ ಹಾಕಿ ಮೊಳೆ ಹೊಡೆದಿದ್ದರು. ತುಕ್ಕು ಹಿಡಿದ ತಿರುಗಣಿ, ಸವೆದ ಹೊಸ್ತಿಲು, ನಡುವೆ ಮದುವಣಗಿತ್ತಿಯಂತೆ ಹೊಳೆಯುವ ಹಿತ್ತಾಳೆ. ಬೀದಿಯ ಕೊನೆ ಮುಟ್ಟುವಷ್ಟರಲ್ಲಿ ಏಳಾದವು.

ಎದುರುಮನೆ ಟೈಲರಮ್ಮ ಹೊಲಿಗೆಯಂತ್ರವನ್ನು ಬಾಗಿಲ ಬಳಿಗೆ ಎಳೆದುಕೊಂಡು ಕೂತಿದ್ದಳು. ಮೊದಲೆಲ್ಲ ಗುಂಯ್‌ಗುಡುತ್ತಿದ್ದ ಯಂತ್ರವನ್ನು ಈಗ ಕಾಲಲ್ಲಿ ತುಳಿಯುತ್ತಿದ್ದಳು.

“ಮೋಟಾರು ಏನಾಯ್ತಮ್ಮಾ?” ಎಂದರು ಸಾಹೇಬರು.

“ಕಾಲಿಗೆ ವ್ಯಾಯಾಮ ಆಗ್ಲಿ ಅಂತ ಸಾಹೇಬ್ರೆ.”

“ಬೀಗ ಹೊಸದು.”

“ಹಳೇದು ತುಕ್ಕು ಹಿಡಿದಿತ್ತು.”

“ತುಕ್ಕು ಹಿಡಿದದ್ದಕ್ಕೆ ಬಾಗಿಲ ಚೌಕಟ್ಟು ಸೀಳತ್ತಾ?”

ಟೈಲರಮ್ಮ ಬಾಯಲ್ಲಿದ್ದ ದಾರ ಕಡಿದು ಉಗಿದಳು. ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ಮುಖ ಕೆಳಗೆ ಮಾಡಿದಳು. “ಬಿಡಿ ಸಾಹೇಬ್ರೆ. ಹೋದದ್ದು ಮೋಟಾರು ತಾನೇ, ಪ್ರಾಣವಲ್ಲ.”

“ದೂರು ಯಾಕೆ ಕೊಡ್ಲಿಲ್ಲ?”

“ಕೊಡೋಕೆ ಹೊರಟಿದ್ದೆ. ಕಾರ್ಯದರ್ಶಿಗಳು ಬಾಗಿಲಲ್ಲೇ ಸಿಕ್ಕಿದ್ರು. ‘ಒಂದು ಮೋಟಾರಿಗೋಸ್ಕರ ಬಡಾವಣೆ ಹೆಸರು ಕೆಡಿಸ್ತೀಯಾ’ ಅಂದ್ರು. ಅದನ್ನಾದ್ರೂ ನಾನು ಕೇಳ್ತಿರ್ಲಿಲ್ಲ. ‘ಸಾಹೇಬ್ರ ಮುಖ ನೋಡಿ ಸುಮ್ನಿರು, ಅವ್ರು ಈಗೀಗ ನಿದ್ದೆ ಮಾಡ್ತಿದಾರೆ’ ಅಂದ್ರು.” ಆಕೆ ಚಕ್ರ ತಿರುಗಿಸಿದಳು. “ನನ್ನ ಹೊಟ್ಟೆ ಉರಿದ್ರೂ ಬಾಯಿಗೆ ಬೀಗ ಹಾಕ್ಕೊಂಡೆ.”

ಬೀಗದವನ ಅಂಗಡಿ ಬಸ್ ನಿಲ್ದಾಣದ ಹಿಂದಿನ ಸಂದಿಯಲ್ಲಿತ್ತು. ಒಬ್ಬ ಕೂತರೆ ಇನ್ನೊಬ್ಬ ನಿಲ್ಲಬೇಕು, ಅಷ್ಟೇ ಜಾಗ. ಗೋಡೆ ತುಂಬ ಕೀಲಿಕೈಗಳು. ಬೀಗದವನು ಅರ ಹಿಡಿದು ಒಂದು ಕೀಲಿಯ ಹಲ್ಲು ತಿದ್ದುತ್ತಿದ್ದ.

“ಬನ್ನಿ ಸಾಹೇಬ್ರೆ. ನನ್ನ ಹತ್ರ ತಕ್ಕಡಿ ಇಲ್ಲ, ಮುಟ್ಟುಗೋಲು ಹಾಕೋಕೆ ಏನೂ ಸಿಗಲ್ಲ.”

“ವ್ಯಾಪಾರ ಹೇಗಿದೆ?”

“ನಮ್ಮ ಕಸುಬು ಗೊತ್ತಲ್ಲ, ಊರೆಲ್ಲ ಸೂರೆ ಹೋದ್ಮೇಲೆ ಕೋಟೆ ಬಾಗಿಲು ಹಾಕೋದು. ನಡೀತಿದೆ.”

“ನೀನು ಮುರಿದ ಬೀಗ ಇಟ್ಕೋತೀಯಂತೆ.”

ಅರ ನಿಂತಿತು.

ಅದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಹತ್ತು ವರ್ಷದ ಹಿಂದೆ ಒಂದು ಮನೆಯಲ್ಲಿ ಕಳವಾದಾಗ, ಬೀಗ ಹಾಕಿದವನೇ ಕಳ್ಳರಿಗೆ ಕೀಲಿ ಮಾಡಿಕೊಟ್ಟಿದ್ದಾನೆ ಎಂದು ಇವನನ್ನು ಸ್ಟೇಷನ್ನಿನಲ್ಲಿ ನಾಲ್ಕು ದಿನ ಕೂರಿಸಿದ್ದರು. ಅಂದಿನಿಂದ ಕಳ್ಳರು ಮುರಿದ ಬೀಗ ಬದಲಿಸಲು ಯಾರು ಕರೆದರೂ ಅವನು ಹಳೆಯದನ್ನು ಬಿಟ್ಟು ಬರುತ್ತಿರಲಿಲ್ಲ. ಮನೆ, ಬೀದಿ, ತಾರೀಕು ಬರೆದ ರಟ್ಟಿನ ಚೂರು ಕಟ್ಟಿ ಡಬ್ಬಕ್ಕೆ ಹಾಕುತ್ತಿದ್ದ. ಕೀಲಿಯಿಂದ ತೆರೆದದ್ದಲ್ಲ, ಮೀಟಿದ್ದು ಎಂಬುದಕ್ಕೆ ಸಾಕ್ಷಿ. ತುಕ್ಕು ಹಿಡಿದದ್ದು, ಕೀಲಿ ಕಳೆದದ್ದು ಬೇರೆ ರಾಶಿ. ಡಬ್ಬದಲ್ಲಿ ಇರುವುದು ಮುರಿದವು ಮಾತ್ರ.

“ಅದನ್ನ ನೋಡಿ ಏನ್ಮಾಡ್ತೀರಾ?”

“ಭಾನುವಾರ ಲೆಕ್ಕ ಹೇಳ್ಬೇಕು.”

“ಸ್ಟೇಷನ್ನಿನ ಲೆಕ್ಕ ಹೇಳಿ. ಚೆನ್ನಾಗಿದೆ.”

“ಡಬ್ಬ ತೆಗಿ.”

ಬೀಗದವನು ಎರಡು ಎಣ್ಣೆ ಡಬ್ಬಗಳನ್ನು ಕಾಲಿನಿಂದ ಮುಂದೆ ತಳ್ಳಿದ. ಸಾಹೇಬರು ನೆಲದ ಮೇಲೆ ಪೇಪರು ಹಾಸಿ, ಅರವತ್ತೈದರ ಮಂಡಿಯನ್ನು ಮಡಿಚಿ ಕೂತು, ಒಂದೊಂದೇ ಬೀಗ ತೆಗೆದು ತಾರೀಕು ಓದಿ ವಿಂಗಡಿಸತೊಡಗಿದರು. ಘಟನೆಯ ಹಿಂದಿನ ವರ್ಷದವು ಎಡಕ್ಕೆ. ಮುಂದಿನವು ಬಲಕ್ಕೆ. ತಮ್ಮ ಬಡಾವಣೆಯವು ಮಾತ್ರ. ಗಿರಾಕಿಯೊಬ್ಬ ಬಂದು ಇದನ್ನು ನೋಡಿ, ಆಮೇಲೆ ಬರುತ್ತೇನೆ ಎಂದು ಹೋದ.

ಎಡಕ್ಕೆ ಇಪ್ಪತ್ತೊಂಬತ್ತು. ಬಲಕ್ಕೆ ಮೂವತ್ತು.

ಮತ್ತೆ ಎಣಿಸಿದರು. ಹದಿನೆಂಟು ಎಲ್ಲಿಯೂ ಇರಲಿಲ್ಲ.

“ಮೊದಲೆರಡು ತಿಂಗಳು ಒಂದೂ ಇಲ್ಲ ಸಾಹೇಬ್ರೆ,” ಎಂದ ಬೀಗದವನು. ರೋಗಿಗೆ ಹೇಳುವ ದನಿ. “ತಾರೀಕು ನೋಡಿ. ಎರಡು ತಿಂಗಳು ನಾನು ನೊಣ ಹೊಡೀತಿದ್ದೆ. ಅದಂತೂ ನಿಜ. ಹೆದರಿದ್ರು.”

“ಆಮೇಲೆ?”

“ಆಮೇಲೆ ಹೊಟ್ಟೆ ಹೆದರಿಕೆ ಕೇಳತ್ತಾ? ಇದು ನೋಡಿ, ಮೊದಲಿನದು.” ಎಡದ ರಾಶಿಯಿಂದ ಒಂದನ್ನು ಎತ್ತಿದ. “ಸ್ಕ್ರೂಡ್ರೈವರು. ಒಬ್ನೇ ಬರೋನು. ಒಳಗೆ ಕೆಮ್ಮಿದ್ರೆ ಸಾಕು, ಬಿದ್ದಂಬೀಳ ಓಡೋನು. ಇದು ಈಗಿನದು.” ಬಲದ ರಾಶಿಯದು ಜಜ್ಜಿ ಹೋಗಿತ್ತು. “ಹಾರೆ. ಇಬ್ರು ಮೂವರು ಬರ್ತಾರೆ. ಮನೇಲಿ ಬಂದೂಕಿರ್ಬಹುದು ಅಂತ ಅವ್ರೂ ಬರಿಗೈಲಿ ಬರಲ್ಲ.”

ಸಾಹೇಬರು ಬೀಗವನ್ನು ಕೆಳಗಿಟ್ಟರು. ಎರಡು ತಿಂಗಳು. ಮನಸ್ಸಿನ ತಕ್ಕಡಿಯಲ್ಲಿ ಹದಿನೆಂಟು ಮನೆ ಇದ್ದ ತಟ್ಟೆಗೆ ಅದನ್ನು ಹಾಕಿದರು. ತಟ್ಟೆ ಮೇಲೆಯೇ ಇತ್ತು.

ಎದ್ದು ನಿಲ್ಲಲು ಡಬ್ಬದ ಅಂಚು ಹಿಡಿದಾಗ ತಳದಲ್ಲಿ ಇನ್ನೊಂದು ಬೀಗ ಕಂಡಿತು. ಕೈ ಹಾಕಿದರು. ಬೀಗದವನು ಅವರಿಗಿಂತ ಮೊದಲೇ ಹಾಕಿ ಮುಷ್ಟಿಯಲ್ಲಿ ಮುಚ್ಚಿಕೊಂಡ.

“ಇದು ಬೇರೆ ರಾಶೀದು.”

“ರಟ್ಟು ಕಟ್ಟಿದೆ.”

“ತಪ್ಪಿ ಕಟ್ಟಿದೀನಿ.”

“ನನ್ನ ಮುಂದೆ ಹೆಬ್ಬೆರಳಿಟ್ಟು ತೂಗಿದೋರು ಎಷ್ಟೋ ಜನ ಕಣಯ್ಯಾ. ಕೈ ತೆಗಿ.”

ಬೀಗದವನು ಮುಷ್ಟಿ ಬಿಚ್ಚಿದ. ರಟ್ಟಿನ ಮೇಲೆ ಅವರದೇ ಬೀದಿ. ಅವರದೇ ಮನೆ. ಹಿಂಬಾಗಿಲು. ತಾರೀಕು ಅವರು ಪೊರೆ ತೆಗೆಸಿಕೊಂಡು ಕಣ್ಣಿನಾಸ್ಪತ್ರೆಯಲ್ಲಿದ್ದ ಎರಡನೆಯ ದಿನದ್ದು.

“ಅಮ್ಮ ಕೈ ಮುಗಿದ್ರು,” ಎಂದ ಬೀಗದವನು. “ಹೊಸದು ಹಾಕಿದ್ರೆ ಹೊಳೆಯತ್ತೆ, ಕಣ್ಣಿನ ಕಟ್ಟು ಬಿಚ್ಚಿದ ಕೂಡ್ಲೇ ನೋಡ್ತಾರೆ, ಹಳೇದನ್ನೇ ಹುಡುಕಿ ಹಾಕಪ್ಪಾ ಅಂದ್ರು. ಮೂರು ದಿನ ಹುಡುಕಿದೆ.”

ಮೂವತ್ತೊಂದು.

ಮನೆಗೆ ಬಂದಾಗ ಹೆಂಡತಿ ಹಿತ್ತಲಿನಲ್ಲಿ ಬಟ್ಟೆ ಒಗೆಯುತ್ತಿದ್ದಳು. ಸಾಹೇಬರು ನೇರವಾಗಿ ಕೋಣೆಗೆ ಹೋಗಿ ಕಬ್ಬಿಣದ ಬೀರು ತೆರೆದರು. ಬಂದೂಕಿನ ಚೀಲ ಇಟ್ಟಲ್ಲೇ ನಿಂತಿತ್ತು. ಅವರಿಗೆ ಎಷ್ಟು ನೆಮ್ಮದಿಯಾಯಿತೆಂದರೆ ಬಾಗಿಲು ಮುಚ್ಚಿಯೇ ಬಿಡುತ್ತಿದ್ದರು. ಆದರೆ ಕೈ ಸುಮ್ಮನಿರಲಿಲ್ಲ, ಎತ್ತಿತು.

ಮೂರು ಕಿಲೋಗೆ ಸ್ವಲ್ಪ ಕಡಿಮೆ. ತೂಕ ಸರಿಯಾಗಿತ್ತು. ಆದರೆ ತೂಕ ಇದ್ದ ಜಾಗ ಸರಿಯಿರಲಿಲ್ಲ. ಬಂದೂಕಿನ ಭಾರ ಹಿಡಿಯಿಂದ ನಳಿಗೆಯ ತನಕ ಹರಡಿರುತ್ತದೆ. ಇದರ ಭಾರವೆಲ್ಲ ತಳಕ್ಕೆ ಇಳಿದು ಕೂತಿತ್ತು.

ಗುಂಡಿ ಬಿಚ್ಚಿ ಮಂಚದ ಮೇಲೆ ಸುರಿದರು. ಹಳೆಯ ಕೊಡೆಯೊಂದು ಬಿತ್ತು. ಆಮೇಲೆ, ಟವೆಲಿನಲ್ಲಿ ಬಿಗಿಯಾಗಿ ಸುತ್ತಿದ್ದ ಎರಡು ಹಿತ್ತಾಳೆಯ ಬಟ್ಟುಗಳು. ಒಂದು ಎರಡು ಕಿಲೋದ್ದು, ಒಂದು ಅರ್ಧ ಕಿಲೋದ್ದು. ನಿವೃತ್ತಿಯ ದಿನ ಇಲಾಖೆ ಅವರಿಗೆ ಉಡುಗೊರೆ ಕೊಟ್ಟ ಮಾದರಿ ಬಟ್ಟುಗಳು. ಮುದ್ರೆ ಇನ್ನೂ ಸ್ಪಷ್ಟವಾಗಿತ್ತು.

ಹೆಂಡತಿ ಒದ್ದೆ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ.

“ನೀವು ಚೀಲ ಬಿಚ್ಚಲ್ಲ ಅಂತ ಗೊತ್ತಿತ್ತು ರೀ,” ಎಂದಳು. “ಎತ್ತಿ ನೋಡಿದ್ರೆ ಅಂತ ಭಯ ಇತ್ತು. ತೂಕ ಗೊತ್ತಾಗಿಬಿಡತ್ತಲ್ಲ ನಿಮಗೆ.”

“ಬಂದೂಕಿನ ತೂಕ ನಿನಗೆ ಹೇಗೆ ಗೊತ್ತು?”

“ಲೈಸೆನ್ಸ್ ಪುಸ್ತಕದಲ್ಲಿ ನೀವೇ ಬರೆದಿಟ್ಟಿದ್ರಿ, ಪೆನ್ಸಿಲಿನಲ್ಲಿ. ಕೊಡೆ ಎಷ್ಟು ತೂಗತ್ತೆ ಅಂತ ತರಕಾರಿಯವನ ಹತ್ರ ಹೋಗಿ ತೂಗಿಸ್ಕೊಂಡು ಬಂದೆ.”

ಬೇರೆ ದಿನವಾಗಿದ್ದರೆ ಇಬ್ಬರೂ ನಗುತ್ತಿದ್ದರು.

“ಬೇರೆ ಏನು ಹೋಯ್ತು?”

“ರೇಡಿಯೋ. ಕೆಟ್ಟಿದೆ, ರಿಪೇರಿಗೆ ಕೊಟ್ಟಿದೀನಿ ಅಂತ ಹೇಳಿದ್ನಲ್ಲ.” ಅವಳು ಮಂಚದ ಅಂಚಿಗೆ ಕೂತಳು. “ಅವ್ರಿಗೆ ಬೇಕಾಗಿದ್ದದ್ದು ಬಂದೂಕೇ. ರೇಡಿಯೋ ಬಿಟ್ರೆ ಬೇರೆ ಏನೂ ಕೆದಕಿರ್ಲಿಲ್ಲ. ಈ ಮನೇಲಿ ಬಂದೂಕಿದೆ ಅಂತ ಊರಿಗೆಲ್ಲ ಡಂಗುರ ಆಗಿತ್ತಲ್ಲ.”

“ಸ್ಟೇಷನ್ನಿಗೆ ಹೇಳ್ಬೇಕಿತ್ತು.”

“ಹೇಳ್ಬೇಕಿತ್ತು.”

“ಯಾಕೆ ಹೇಳ್ಲಿಲ್ಲ?”

ಹೆಂಡತಿ ಅರ್ಧ ಕಿಲೋದ ಬಟ್ಟನ್ನು ಎತ್ತಿ ಮಡಿಲಲ್ಲಿಟ್ಟುಕೊಂಡಳು. “ನೀವು ಆ ಲೆಕ್ಕದ ಮೇಲೆ ಉಸಿರಾಡ್ತಿದ್ರಿ. ಆವತ್ತು ಆಸ್ಪತ್ರೆಯಿಂದ ಬರ್ತಾ ರಿಕ್ಷಾದಲ್ಲಿ ಎರಡು ಕಣ್ಣಿಗೂ ಬಟ್ಟೆ ಕಟ್ಕೊಂಡು ಹೇಳಿದ್ರಿ, ‘ಎಂಟು ತಿಂಗಳಿಗೆ ಎರಡೇ ಕಣೇ, ಎರಡೇ’ ಅಂತ. ನಿಮ್ಮ ಕೈಯಿಂದ ಅದನ್ನ ಹೇಗೆ ಕಿತ್ಕೊಳ್ಳಲಿ? ಬಾಗಿಲಿಗೆ ಬೀಗ ಹಾಕ್ಕೊಂಡು ಹೋದವಳು ನಾನು. ಬೀಗ ಇಲ್ದಿದ್ರೆ ಅವ್ನು ಒಳಗೇ ಬರ್ತಿರ್ಲಿಲ್ಲ. ಆ ಲೆಕ್ಕ ನಂಗೂ ಬೇಕಿತ್ತು ರೀ.”

ಒಂದು ವರ್ಷದಲ್ಲಿ ಅವಳು ಇದನ್ನು ಮೊದಲ ಸಲ ಹೇಳಿದ್ದು. ಸಾಹೇಬರು ಅವಳ ಪಕ್ಕ ಕೂತರು. ಯಾರೂ ಅಳಲಿಲ್ಲ. ಹಿತ್ತಲಿನಲ್ಲಿ ನಲ್ಲಿ ಸರಿಯಾಗಿ ನಿಲ್ಲಿಸದೆ ಬಕೆಟ್ಟು ತುಂಬಿ ಹರಿಯುತ್ತಿತ್ತು.

“ನಾನು ಸ್ಟೇಷನ್ನಿಗೆ ಹೋಗ್ತೀನಿ,” ಎಂದರು.

“ಭಾನುವಾರ ಕಳೀಲಿ.”

“ಬೇಡ.”

“ಆಮೇಲೆ ನಿದ್ದೆ?”

ಸಾಹೇಬರು ಎದ್ದರು. ಚಪ್ಪಲಿ ಮೆಟ್ಟುವಾಗ ಒಂದು ಕ್ಷಣ ಅದನ್ನೇ ನೋಡುತ್ತ ನಿಂತರು. ಆಮೇಲೆ ಲೈಸೆನ್ಸ್ ಪುಸ್ತಕ ಜೇಬಿಗೆ ಹಾಕಿಕೊಂಡು ಹೊರಟರು.

ರೈಟರ್ ಮತ್ತೆ ಎದ್ದು ಕುರ್ಚಿ ಕೊಟ್ಟ. ವಿಷಯ ಕೇಳಿ ನಿಂತವನು ಹಾಗೇ ಕೂತ.

“ಸಾರ್, ಇದನ್ನ ಸೋಮವಾರ ಬರೆಯೋಣ. ಕಾರ್ಯದರ್ಶಿಗಳು ಇನ್ಸ್‌ಪೆಕ್ಟರನ್ನೂ ಸಭೆಗೆ ಕರೆದಿದಾರೆ. ಹಾರ ತಂದಿಟ್ಟಿದಾರಂತೆ ನಿಮಗೆ.”

“ಇವತ್ತೇ ಬರೀರಿ.”

“ನಾಲ್ಕು ತಿಂಗಳು ತಡ. ಬಂದೂಕು ಕಳೆದ್ರೆ ತಕ್ಷಣ ಹೇಳ್ಬೇಕು, ಕಾನೂನಿದೆ. ನಿಮ್ಮ ಮೇಲೇ ಕೇಸು ಬರಬಹುದು.”

“ಬರಲಿ. ದೂರು ಎಷ್ಟನೇದು?”

ರೈಟರ್ ರಿಜಿಸ್ಟರು ತೆರೆದ. “ನಿಮ್ಮ ಬಡಾವಣೆಯಿಂದ ಆರನೇದು.”

“ಆರಲ್ಲ. ಆದ್ರೆ ನಿಮ್ಮ ಹಾಳೆಯಲ್ಲಿ ಆರು ಅಂತಲೇ ಬರ್ಕೊಳ್ಳಿ. ಉಳಿದದ್ದು ಎಲ್ಲಿದೆ ಅಂತ ಭಾನುವಾರ ಹೇಳ್ತೀನಿ. ಎರಡು ಡಬ್ಬ ತಗೊಂಡು ಬರ್ತೀನಿ.”

ರೈಟರಿಗೆ ಅರ್ಥವಾಗಲಿಲ್ಲ. ಪೆನ್ನಿನ ಮುಚ್ಚಳ ತೆಗೆದು ಬರೆಯತೊಡಗಿದ. ಕಳುವಾದ ವಸ್ತು, ಒಂದು ನಳಿಗೆಯ ಬಂದೂಕು. ತೂಕ, ಎರಡು ಕಿಲೋ ಒಂಬೈನೂರು. ನಂಬರು ಪುಸ್ತಕ ನೋಡಿ ಬರೆದುಕೊಂಡ.

“ಗುರುತು ಏನಾದ್ರೂ?”

“ಹಿಡಿ ಒಂದು ಕಡೆ ಸೀಳಿತ್ತು. ನಮ್ಮಪ್ಪ ಅದಕ್ಕೆ ಹಿತ್ತಾಳೆ ತಂತಿ ಸುತ್ತಿದ್ರು. ಒಂಬತ್ತು ಸುತ್ತು.”

ಪೆನ್ನು ನಿಂತಿತು.

ರೈಟರ್ ಎದ್ದು ಗೋಡೆಯ ಮೊಳೆಗೆ ಚುಚ್ಚಿದ್ದ ಕಾಗದಗಳನ್ನು ತಿರುವಿದ. ಒಂದನ್ನು ಕಿತ್ತು ತಂದ. ಸೇತುವೆಯಾಚೆಯ ಸ್ಟೇಷನ್ನಿನಿಂದ ಎಲ್ಲ ಸ್ಟೇಷನ್ನುಗಳಿಗೆ ಕಳಿಸಿದ್ದು. ಔಷಧಿ ಅಂಗಡಿಯವನ ಕೊಲೆಯದು. ಮನಸ್ಸಿನಲ್ಲೇ ಒಮ್ಮೆ ಓದಿಕೊಂಡ. ಆಮೇಲೆ ಒಂದೇ ಒಂದು ಸಾಲನ್ನು ತಗ್ಗಿದ ದನಿಯಲ್ಲಿ ಓದಿ ಹೇಳಿದ.

“‘ಬಂದೂಕಿನ ಹಿಡಿಗೆ ಹಳದಿ ತಂತಿ ಸುತ್ತಿತ್ತೆಂದು ಅಂಗಡಿಯಲ್ಲಿದ್ದ ಮೃತನ ಹೆಂಡತಿ ತಿಳಿಸಿರುತ್ತಾರೆ.’”

ಸಾಹೇಬರು ಕೈ ಚಾಚಿದರು. ಕಾಗದ ತೆಗೆದುಕೊಂಡು ತಾವೇ ಓದಿದರು. ಔಷಧಿಯವನಿಗೆ ಮೂವತ್ತೊಂದು ವರ್ಷ. ಹೆಂಡತಿಗೆ ಇಪ್ಪತ್ತಾರು. ಅವಳ ಹೇಳಿಕೆಯನ್ನು ಪೂರ್ತಿ ಓದಿ, ಕಾಗದವನ್ನು ಮಡಿಚಿದ ಗೆರೆಯಲ್ಲೇ ಮಡಿಚಿ ಮೇಜಿನ ಮೇಲಿಟ್ಟರು. ಕೈಯಲ್ಲಿ ಅದಕ್ಕೆ ತೂಕವೇ ಇರಲಿಲ್ಲ.

ರೈಟರ್ ಬಾಗಿಲ ಕಡೆ ನೋಡಿದ, ಇನ್ಸ್‌ಪೆಕ್ಟರರ ಖಾಲಿ ಕೋಣೆಯ ಕಡೆ ನೋಡಿದ. ರಿಜಿಸ್ಟರಿಗೆ ಬಗ್ಗಿ ಮುಂದಿನ ಅಂಕಣಕ್ಕೆ ಹೋದ.

“ಕಳ್ಳರು ಒಳಗೆ ಬಂದದ್ದು ಎಲ್ಲಿಂದ ಸಾರ್?”

“ಹಿಂಬಾಗಿಲಿಂದ.”

“ಹೊರಗೆ ಹೋದದ್ದು?”

ಸಾಹೇಬರು ಲೈಸೆನ್ಸ್ ಪುಸ್ತಕವನ್ನು ಮುಚ್ಚಿದರು. ರೈಟರ್ ತಲೆಯೆತ್ತಿದ.

“ಅದೇ ಬಾಗಿಲು,” ಎಂದರು. “ಮುಂಬಾಗಿಲಿಗೆ ಬೀಗ ಹಾಕಿದ್ರೆ ನಮ್ಮ ಮನೇಲಿ ಹೊರಗೆ ಹೋಗೋಕೆ ಇರೋದು ಅದೊಂದೇ ದಾರಿ. ಹೋದ ವರ್ಷ ಓಡಿ ಬಂದವನಿಗೂ ಅದೊಂದೇ ಇತ್ತು, ಇದನ್ನ ನಾನು ಬರೆಸಿರ್ಲಿಲ್ಲ. ಈಗ ಬರ್ಕೊಳ್ಳಿ.”